ನಿಂತ ಚಪ್ಪಡಿ, ನಿಂತ ಗಾಜು

ಗುಡಿಯನ್ನು ಕಟ್ಟಿಸಿದವರಾರು, ಅದಕ್ಕೆ ದತ್ತಿ ಬಿಟ್ಟವರಾರು ಎಂಬುದನ್ನು ನಮ್ಮ ಶಾಸನಗಳು ವಿವರವಾಗಿ ಹೇಳುತ್ತವೆ. ಹೊಯ್ಸಳರ ಕಾಲದ ರೂವಾರಿಗಳಂತೂ ತಾವು ಕಡೆದ ವಿಗ್ರಹದ ಪೀಠದ ಮೇಲೆ ತಮ್ಮ ಹೆಸರನ್ನು ಬಿರುದುಗಳ ಸಮೇತ ಕೆತ್ತಿಹೋಗಿದ್ದಾರೆ. ಆದರೆ ಗಣಿಯಿಂದ ಗುಡಿಯವರೆಗೆ ಕಲ್ಲನ್ನು ತಂದವರಾರು? ದಾರಿಯಲ್ಲಿ ಅದು ಮುರಿಯದಂತೆ ಏನು ಉಪಾಯ ಮಾಡಿದರು? ತಂದಮೇಲೆ ಕೆಲಸಕ್ಕೆ ಎತ್ತಿಕೊಳ್ಳುವ ತನಕ ಅದನ್ನು ಹೇಗೆ ಇಟ್ಟಿದ್ದರು? ಇಂಥ ಪ್ರಶ್ನೆಗಳಿಗೆ ಶಾಸನಗಳಲ್ಲಿ ಉತ್ತರ ಸಿಕ್ಕುವುದು ಬಹು ಅಪರೂಪ. ಕಲ್ಲು ಹೊತ್ತವರ ವಿದ್ಯೆ ಕೈಯಿಂದ ಕೈಗೆ ಹರಿದು ಬಂದದ್ದು. ಬಾಯಿಗೂ ಬರಲಿಲ್ಲ, ಓಲೆಗೂ ಏರಲಿಲ್ಲ. ಆ ವಿದ್ಯೆಯ ಚರಿತ್ರೆಯನ್ನು ಕಲ್ಲುಗಳನ್ನೇ ನೋಡಿ ಊಹಿಸಿಕೊಳ್ಳಬೇಕಾಗಿದೆ.

ಹಾಗೆ ನೋಡುವವರಿಗೆ ಬೆಂಗಳೂರಿನ ಮಾವಳ್ಳಿಗಿಂತ ಅನುಕೂಲವಾದ ಸ್ಥಳ ಇನ್ನೊಂದಿಲ್ಲ. ಮಾವಳ್ಳಿ ಎಂದೊಡನೆ ನಮ್ಮ ನಗರವಾಸಿಗಳಿಗೆ ತುಪ್ಪದ ದೋಸೆಯೂ ಅದಕ್ಕಾಗಿ ಕಾಯುವ ಜನರ ಸಾಲೂ ನೆನಪಾಗುವುದು ಸಹಜ. ಅದು ಹಾಗಿರಲಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಲಾಲ್‌ಬಾಗನ್ನು ಹೊಕ್ಕರೆ ಎರಡು ವಸ್ತುಗಳು ಅಕ್ಕಪಕ್ಕದಲ್ಲಿವೆ. ಒಂದು, ಕೆಂಪೇಗೌಡರ ಗೋಪುರವನ್ನು ತಲೆಯ ಮೇಲೆ ಹೊತ್ತ ಹೆಬ್ಬಂಡೆ. ಇನ್ನೊಂದು, ಗಾಜಿನ ಮನೆ. ಒಂದು ಈ ನೆಲದಲ್ಲೇ ಹುಟ್ಟಿ ಅಲ್ಲಾಡದೆ ಕುಳಿತದ್ದು. ಇನ್ನೊಂದು ಬಿಡಿಬಿಡಿಯಾಗಿ ಬಂದು ಇಲ್ಲಿ ಎದ್ದು ನಿಂತದ್ದು. ಭಾರವಾದ ಕಲ್ಲು, ಒಡೆಯುವ ಗಾಜು ಎಂದು ನಾವು ಎರಡನ್ನೂ ಬೇರೆ ಬೇರೆ ಜಾತಿಗೆ ಸೇರಿಸುತ್ತೇವೆ. ಸಾಗಿಸುವವನ ಕೈಗೆ ಮಾತ್ರ ಅವೆರಡೂ ಒಂದೇ ಜಾತಿ.

ಮೊದಲು ಕಲ್ಲಿನ ವಿಚಾರ. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳ ಮತ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಾ. ಸ್ಮೀತ್ ಅವರು ೧೯೧೬ರಲ್ಲಿ ಈ ಜಾತಿಯ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಸವನಗುಡಿಯ ಕಹಳೆಬಂಡೆಯೂ ಈ ಶಿಲಾಕುಲಕ್ಕೇ ಸೇರಿದ್ದು. ಹಳೆಯ ಬೆಂಗಳೂರಿನ ಮನೆಗಳ ಮೆಟ್ಟಲು, ಜಗಲಿ, ಬಚ್ಚಲ ಹಾಸು, ಬಟ್ಟೆ ಒಗೆಯುವ ಕಲ್ಲು, ಚರಂಡಿಯ ಮುಚ್ಚಳ, ಹಿತ್ತಿಲ ಬೇಲಿ ಎಲ್ಲವೂ ಈ ಬಗೆಯ ಕಲ್ಲಿನ ಚಪ್ಪಡಿಗಳೇ. ಇಷ್ಟು ಗಟ್ಟಿಯಾದ ಬಂಡೆಯಿಂದ ಹಲಗೆಯಂತೆ ಸಮನಾದ ಚಪ್ಪಡಿಯನ್ನು ಯಂತ್ರವಿಲ್ಲದ ಕಾಲದಲ್ಲಿ ತೆಗೆದದ್ದು ಹೇಗೆ?

ಬೆಂಕಿಯಿಂದ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರು ಶ್ರೀರಂಗಪಟ್ಟಣದ ಕಡೆಯ ಪದ್ಧತಿಯನ್ನು ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಬಂಡೆಯ ಮೇಲೆ ಉಳಿಯಿಂದ ಒಂದೆರಡು ಅಂಗುಲ ಆಳದ ಗೀರು ತೋಡುವುದು. ಗೀರಿನ ಉದ್ದಕ್ಕೂ ಬೆಂಕಿ ಹಾಕಿ ಕಾಯಿಸುವುದು. ಕಲ್ಲು ಕಾದಮೇಲೆ ಗಂಡಸರೂ ಹೆಂಗಸರೂ ತಣ್ಣೀರಿನ ಗಡಿಗೆಗಳನ್ನು ಹಿಡಿದು ಸಾಲಾಗಿ ನಿಂತು, ಬೂದಿಯನ್ನು ಗುಡಿಸಿ, ಒಮ್ಮೆಗೇ ನೀರು ಸುರಿಯುವುದು. ಬಂಡೆ ನೆಟ್ಟಗೆ ಸೀಳುತ್ತಿತ್ತು. ಆರಡಿ ಚೌಕದ, ಎಂಬತ್ತಡಿಗೂ ಮಿಕ್ಕ ಉದ್ದದ ತೊಲೆಗಳು ಕೆಲವೊಮ್ಮೆ ಹೀಗೆ ಬಿಡಿಸಿಕೊಂಡು ಬರುತ್ತಿದ್ದವೆಂದು ಅವರ ಹೇಳಿಕೆ.

ಬೆಂಗಳೂರಿನ ಪದ್ಧತಿ ಇದಕ್ಕಿಂತಲೂ ನಯವಾದದ್ದು. ೧೮೯೫ರಲ್ಲಿ ಎಚ್. ವಾರ್ತ್ ಎಂಬವರು 'ನೇಚರ್' ಪತ್ರಿಕೆಗೆ ಬರೆದ ಟಿಪ್ಪಣಿಯಲ್ಲಿ ಅದು ಬಂದಿದೆ. ಇಲ್ಲಿ ನೀರಿನ ಹಂಗಿಲ್ಲ. ಬಂಡೆಯ ಮೈಮೇಲೆ ಸೌದೆಯ ಉರಿಯ ಒಂದು ಸಾಲನ್ನು ಹಚ್ಚಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ ಹೋಗುವುದು. ಕಾದ ಮೇಲ್ಪದರ ಹಿಗ್ಗುತ್ತದೆ. ಕೆಳಗಿನದು ತಣ್ಣಗೇ ಇರುತ್ತದೆ. ಎರಡರ ನಡುವೆ ಕಲ್ಲು ಪದರವಾಗಿ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿ ದನಿಯನ್ನು ಕೇಳಿದರೆ ಎಲ್ಲಿಯವರೆಗೆ ಬಿಟ್ಟಿದೆಯೆಂದು ಕೆಲಸಗಾರನಿಗೆ ತಿಳಿಯುತ್ತದೆ. ಹೀಗೆ ಅರವತ್ತಡಿ ಉದ್ದ, ನಲವತ್ತಡಿ ಅಗಲ, ಅರ್ಧ ಅಡಿ ದಪ್ಪದ ಒಂದೇ ಹಾಳೆಯನ್ನು ಎಬ್ಬಿಸುತ್ತಿದ್ದರಂತೆ!

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಅಷ್ಟು ದೊಡ್ಡ ಹಾಳೆಯ ತೂಕ ಸುಮಾರು ತೊಂಬತ್ತು ಟನ್. ಅದನ್ನು ಇಡಿಯಾಗಿ ಎತ್ತಬಲ್ಲ ಗಾಡಿಯಾಗಲಿ ದಾರಿಯಾಗಲಿ ಅಂದು ಬೆಂಗಳೂರಿನಲ್ಲಿ ಇರಲಿಲ್ಲ. ಆದ್ದರಿಂದ ಬಿದ್ದಲ್ಲಿಯೇ ಉಳಿಯಿಂದ ಗೆರೆ ಹೊಡೆದು ಪಟ್ಟಿಗಳಾಗಿ ಒಡೆಯುತ್ತಿದ್ದರು. ಆರಡಿ ಉದ್ದ, ಎರಡಡಿ ಅಗಲ, ಮೂರಂಗುಲ ದಪ್ಪದ ಒಂದು ಚಪ್ಪಡಿ ಸುಮಾರು ೨೨೫ ಕಿಲೋ ತೂಗುತ್ತದೆ. ನಾಲ್ಕರಿಂದ ಆರು ಜನ ಹಗ್ಗ ಕಟ್ಟಿ, ಅಡ್ಡೆ ಹಾಕಿ, ಹೆಗಲು ಕೊಟ್ಟು ಎತ್ತಬಹುದಾದ ಭಾರ ಅದು. ಎತ್ತಿನ ಗಾಡಿಯಲ್ಲಿ ನಾಲ್ಕಾರನ್ನು ಹೇರಬಹುದು. ನಮ್ಮ ಹಳೆಯ ಮನೆಗಳ ಹಾಸುಗಲ್ಲಿನ ಅಳತೆಯನ್ನು ಮೇಸ್ತ್ರಿ ಗೊತ್ತುಮಾಡಿದನೆಂದು ತಿಳಿಯುತ್ತೇವೆ. ಅದನ್ನು ಗೊತ್ತುಮಾಡಿದ್ದರಲ್ಲಿ ಹೊರುವವನ ಹೆಗಲಿಗೂ ಗಾಡಿಯ ಅಚ್ಚಿಗೂ ಪಾಲಿದೆ.

ಇನ್ನು ಸಾಗಿಸುವ ಕ್ರಮ. ಕಲ್ಲು ಒತ್ತಡಕ್ಕೆ ಮಹಾಶೂರ, ಎಳೆತಕ್ಕೆ ಹೇಡಿ. ತಲೆಯ ಮೇಲೆ ಎಷ್ಟು ಹೇರಿದರೂ ತಡೆಯುತ್ತದೆ. ಬಗ್ಗಿಸಲು ಹೋದರೆ ಅದರ ಹತ್ತರಲ್ಲೊಂದು ಪಾಲು ಬಲಕ್ಕೂ ಸೀಳುತ್ತದೆ. ಚಪ್ಪಡಿಯನ್ನು ಅಂಗಾತ ಮಲಗಿಸಿ ಎರಡು ತುದಿಗಳಲ್ಲಿ ಹಿಡಿದರೆ ನಡುಭಾಗ ತನ್ನ ಭಾರಕ್ಕೆ ತಾನೇ ಜಗ್ಗಿ, ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಗಾಡಿಯ ಗಾಲಿ ಒಂದು ಗುಂಡಿಗೆ ಇಳಿದೆದ್ದರೆ ಮುಗಿಯಿತು, ಎರಡು ತುಂಡು. ಅದೇ ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ? ಆಗ ಬಗ್ಗಬೇಕಾದದ್ದು ಮೂರಂಗುಲದ ದಪ್ಪವಲ್ಲ, ಇಪ್ಪತ್ತನಾಲ್ಕು ಅಂಗುಲದ ಅಗಲ. ಅದರ ಮೇಲಿನ ಎಳೆತ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಚಪ್ಪಡಿ ಸಾಗಿಸುವ ವಿದ್ಯೆಯ ಮೂಲಮಂತ್ರ ಇಷ್ಟೇ: ಮಲಗಿಸಬೇಡ, ನಿಲ್ಲಿಸು. ಕೆಳಗೆ ಹುಲ್ಲೋ ಗೋಣಿಯೋ ಮರದ ತುಂಡೋ ಇರಲಿ. ಕಲ್ಲಿಗೆ ಕಲ್ಲು ತಾಗದಿರಲಿ. ಮೂಲೆಯ ಮೇಲೆ ಭಾರ ಬೀಳದಿರಲಿ. ಇದನ್ನು ಹಾರೆ ಹಿಡಿದ ಭೋವಿ ಕುಲದ ಕಲ್ಲುಕುಟಿಗರು ಯಾವ ಪಾಠಶಾಲೆಯಲ್ಲೂ ಕಲಿಯಲಿಲ್ಲ.

ನಿಲ್ಲಿಸಿದ ಚಪ್ಪಡಿ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ನಮ್ಮ ವೀರಗಲ್ಲುಗಳೇ ಸಾಕ್ಷಿ. ಬುಡವನ್ನು ನೆಲದಲ್ಲಿ ಹೂತು, ಮುಖವನ್ನು ಊರಿನ ಕಡೆ ತಿರುಗಿಸಿ ನೆಟ್ಟ ಚಪ್ಪಡಿಗಳು ಅವು. ಬೆಂಗಳೂರು ಎಂಬ ಹೆಸರು ಮೊತ್ತಮೊದಲು ನಮಗೆ ದೊರಕುವುದೂ ಅಂಥದೊಂದು ಕಲ್ಲಿನಿಂದಲೇ. ಬೇಗೂರಿನ ಗಂಗರ ಕಾಲದ ಶಾಸನ 'ಬೆಂಗಳೂರು ಕಾಳಗ'ವನ್ನು ಸ್ಮರಿಸುತ್ತದೆ. ಅದರ ಕಾಲ ಕ್ರಿ.ಶ. ೯೦೦ರ ಆಸುಪಾಸು. ಈ ಮಹಾನಗರದ ಹೆಸರು ಸಾವಿರದ ನೂರು ವರ್ಷ ಒಂದು ಚಪ್ಪಡಿಯ ಮೈಮೇಲೆ ಉಳಿದುಬಂತು.

ಚಪ್ಪಡಿಯ ಮಾತಾಯಿತು. ಚಪ್ಪಡಿಯಾಗಿ ಒಡೆಯಲಾಗದ ಕಲ್ಲಿನ ಗತಿಯೇನು? ನಮ್ಮ ಹಿರಿಯರು ಬಹುಮಟ್ಟಿಗೆ ಹಿಡಿದ ದಾರಿ ಅದನ್ನು ಸಾಗಿಸದಿರುವುದು. ಬಸವನಗುಡಿಯ ದೊಡ್ಡ ಬಸವಣ್ಣ ಎಲ್ಲಿಂದಲೂ ಬಂದವನಲ್ಲ. ಇದ್ದ ಬಂಡೆಯಲ್ಲೇ ಮೂಡಿದವನು. ಚಾವುಂಡರಾಯನು ೯೮೧ರಲ್ಲಿ ನಿಲ್ಲಿಸಿದನೆನ್ನುವ ಶ್ರವಣಬೆಳಗೊಳದ ಗೊಮ್ಮಟನೂ ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯನ್ನೇ ಕಡೆದು ಬಿಡಿಸಿದ್ದು. ಶಿಲ್ಪಿಯು ಕಲ್ಲಿನ ಬಳಿಗೆ ಹೋಗುವುದು ಕಲ್ಲು ಶಿಲ್ಪಿಯ ಬಳಿಗೆ ಬರುವುದಕ್ಕಿಂತ ಸುಲಭವೆಂಬ ವಿವೇಕ ಅದು.

ಕಾರ್ಕಳದಲ್ಲಿ ಈ ವಿವೇಕವನ್ನು ಮೀರಿ ಒಂದು ಸಾಹಸ ನಡೆಯಿತು. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠೆ ಮಾಡಿಸಿದ, ಸುಮಾರು ನಲವತ್ತೆರಡಡಿಯ ಗೊಮ್ಮಟನನ್ನು ಬೇರೆಡೆ ಕಡೆದು ಬೆಟ್ಟದ ಮೇಲಕ್ಕೆ ಎಳೆದು ತಂದರು. ಚಂದ್ರಮ ಕವಿಯು ಕಾರ್ಕಳದ ಗೊಮ್ಮಟನ ಚರಿತ್ರೆಯನ್ನು ಕಾವ್ಯವಾಗಿ ಹಾಡುವಾಗ ಈ ಸಾಗಾಟವನ್ನು ಬಿಟ್ಟಿಲ್ಲ. ಕಲ್ಲು ಎಳೆದವರಿಗೆ ಕಾವ್ಯದಲ್ಲಿ ಎಡೆ ಸಿಕ್ಕ ಅಪೂರ್ವ ಸಂದರ್ಭವಿದು. ಕಬ್ಬಿಣದ ಇಪ್ಪತ್ತು ಬಂಡಿಗಳ ಸಾಲು, ಅವುಗಳ ಮೇಲೆ ಹತ್ತಿಯ ಮೆತ್ತೆ, ಶಾಂತಿಗಾಗಿ ಒಡೆದ ಸಾವಿರಾರು ತೆಂಗಿನಕಾಯಿ, ಬೆಟ್ಟದ ತಪ್ಪಲಿನಿಂದ ನೆತ್ತಿಯವರೆಗೆ ಇಳಿಜಾರಾದ ದಾರಿ—ಹೀಗೆ ಆ ನಾಡಿನ ಐತಿಹ್ಯವನ್ನು ಹತ್ತೊಂಬತ್ತನೆಯ ಶತಮಾನದ ಲೇಖಕರು ಬರೆದಿಟ್ಟಿದ್ದಾರೆ. ತೆಂಗಿನಕಾಯಿಯ ಸಂಖ್ಯೆಯನ್ನು ಬೇಕಾದವರು ನಂಬಲಿ. ಹತ್ತಿಯ ಮೆತ್ತೆಯನ್ನೂ ಇಳಿಜಾರನ್ನೂ ಎಲ್ಲರೂ ನಂಬಬಹುದು. ಭಾರವನ್ನು ಹಲವು ಗಾಲಿಗಳಿಗೆ ಹಂಚುವುದು, ಮೈಗೆ ಮೆತ್ತೆ ಕೊಡುವುದು, ಏರನ್ನು ಉದ್ದಮಾಡಿ ಕಡಿದನ್ನು ತಗ್ಗಿಸುವುದು: ಇಂದಿನ ಎಂಜಿನಿಯರೂ ಇದಕ್ಕಿಂತ ಬೇರೆಯಾದದ್ದನ್ನು ಹೇಳಲಾರರು.

೧೯೭೩ರಲ್ಲಿ ಅದೇ ಕಾರ್ಕಳದಿಂದ ಧರ್ಮಸ್ಥಳಕ್ಕೆ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ ಮೂವತ್ತೊಂಬತ್ತಡಿಯ ಬಾಹುಬಲಿ ಹೊರಟಾಗ ಅರವತ್ತನಾಲ್ಕು ಗಾಲಿಗಳ ವಾಹನ ಬೇಕಾಯಿತು. ಬೆಂಗಳೂರಿನ ಈಜಿಪುರದ ಗುಡಿಗಾಗಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಮಹಾವಿಷ್ಣುವಿನ ಶಿಲೆ ೨೦೧೮ರ ಕೊನೆಯಲ್ಲಿ ಹೊರಟಿತು. ಮುನ್ನೂರು ಟನ್ನಿಗೆ ಕಡಿಮೆಯಿಲ್ಲವೆಂದು ಪತ್ರಿಕೆಗಳು ಬರೆದ ಆ ಶಿಲೆಗೆ ಕಟ್ಟಿದ್ದು ಇನ್ನೂರ ನಲವತ್ತು ಗಾಲಿ. ಆದರೂ ಟೈರುಗಳು ಸಿಡಿದವು. ಇಕ್ಕಟ್ಟಾದ ಬೀದಿಗಳಲ್ಲಿ ಅಂಗಡಿ ಮನೆಗಳ ಮುಂಭಾಗವನ್ನು ಕೆಡವಬೇಕಾಯಿತು. ಸೇತುವೆ ತಡೆಯಲಾರದೆಡೆ ನದಿಯ ಪಾತ್ರದಲ್ಲೇ ತಾತ್ಕಾಲಿಕ ದಾರಿ ಹಾಕಬೇಕಾಯಿತು. ಊರು ಸೇರಿದ್ದು ೨೦೧೯ರ ನಡುವಿನಲ್ಲಿ.

ಈಗ ಬಂಡೆಯಿಂದ ಇಳಿದು ಗಾಜಿನ ಮನೆಗೆ ಹೋಗೋಣ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರ ಆಸ್ಥೆಯಿಂದ ಎದ್ದ ಕಟ್ಟಡವಿದು. ೧೮೮೯ರ ನವೆಂಬರ್ ೩೦ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಸ್ತಿಭಾರವನ್ನಿಟ್ಟನು. ಕಬ್ಬಿಣದ ಎರಕದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಬಂದವು. ೧೯೩೫ರಲ್ಲಿ ಕಟ್ಟಡವನ್ನು ಪೂರ್ವಕ್ಕೆ ಬೆಳೆಸಿದಾಗ ಮಾತ್ರ ಕಬ್ಬಿಣ ನಮ್ಮ ಭದ್ರಾವತಿಯದು.

ಇದರ ಮಾದರಿ ಲಂಡನ್ನಿನ ಸ್ಫಟಿಕ ಸೌಧ. ೧೮೫೧ರ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಆ ಸೌಧದಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳಿದ್ದವು. ಪ್ಯಾಕ್ಸ್‌ಟನ್ ತೋಟಗಾರನಾಗಿದ್ದವನು, ಸಾಗಾಟದ ಕಷ್ಟ ಬಲ್ಲವನು. ಗಾಜಿನ ಕಾರ್ಖಾನೆಯವರು ಸರಾಗವಾಗಿ ಮಾಡಬಲ್ಲ ನಲವತ್ತೊಂಬತ್ತು ಅಂಗುಲ ಉದ್ದ, ಹತ್ತಂಗುಲ ಅಗಲದ ಹಲಗೆಯನ್ನು ಹಿಡಿದುಕೊಂಡು, ಅದರ ಅಳತೆಗೆ ಇಡೀ ಕಟ್ಟಡವನ್ನು ಹೊಂದಿಸಿದನು. ಒಂದೊಂದು ಹಲಗೆಯ ತೂಕ ಒಂದೂವರೆ ಕಿಲೋ ಮಾತ್ರ. ಒಬ್ಬ ಆಳು ಒಂದೇ ಕೈಯಲ್ಲಿ ಹಿಡಿಯಬಹುದು. ಚಾವಣಿಯ ದೋಣಿಗಳಲ್ಲಿ ಓಡುವ ಸಣ್ಣ ಗಾಡಿಗಳಲ್ಲಿ ಕುಳಿತು ಎಂಬತ್ತು ಕೆಲಸಗಾರರು ಒಂದು ವಾರದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹಲಗೆಗಳನ್ನು ಕೂರಿಸಿದರು. ಒಂದು ಒಡೆದರೆ ಒಂದೇ ನಷ್ಟ, ಮಾಡು ಉಳಿಯಿತು. ಬೆಂಗಳೂರಿನ ಕಲ್ಲುಕುಟಿಗ ಅರವತ್ತಡಿಯ ಹಾಳೆಯನ್ನು ಪಟ್ಟಿಯಾಗಿ ಒಡೆದದ್ದೂ ಇದೇ ಬುದ್ಧಿಯಿಂದಲೇ ಅಲ್ಲವೆ? ಆ ಸೌಧ ಬೆಂಕಿಗೆ ಸಿಕ್ಕಿ ನಾಶವಾದದ್ದು ೧೯೩೬ರ ನವೆಂಬರ್ ೩೦ರಂದು. ನಮ್ಮ ಗಾಜಿನ ಮನೆಗೆ ಅಸ್ತಿಭಾರ ಬಿದ್ದ ದಿನವೂ ನವೆಂಬರ್ ೩೦. ತಾಯಿ ಹೋದರೂ ಮಗಳು ಮಾವಳ್ಳಿಯ ಮಗ್ಗುಲಲ್ಲಿ ಇನ್ನೂ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೂವಿನ ಪ್ರದರ್ಶನಕ್ಕೆ ಸಿಂಗರಿಸಿಕೊಂಡು ನಿಲ್ಲುತ್ತಿದ್ದಾಳೆ.

ಗಾಜನ್ನು ಸಾಗಿಸುವ ಮಂತ್ರವೂ ಕಲ್ಲಿನದೇ. ಮರದ ಪೆಟ್ಟಿಗೆಯಲ್ಲಿ ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸಂದಿಗಳಲ್ಲಿ ಒಣಹುಲ್ಲು ಬಿಗಿದು, ಅಲುಗದಂತೆ ಮಾಡಿ ಕಳುಹಿಸುತ್ತಿದ್ದರು. ಇಡುವುದರಲ್ಲಿ ಮಾತ್ರ ಗಾಜಿಗೆ ಇನ್ನೊಂದು ಶತ್ರುವುಂಟು, ಅದು ತೇವ. ಒತ್ತಾಗಿ ನಿಲ್ಲಿಸಿದ ಎರಡು ಗಾಜುಗಳ ನಡುವೆ ನೀರು ಸೇರಿದರೆ ಅದು ಗಾಜಿನೊಳಗಿನ ಸೋಡದ ಅಂಶವನ್ನು ಹೊರಕ್ಕೆಳೆದು ಕ್ಷಾರವಾಗುತ್ತದೆ. ಆ ಕ್ಷಾರ ಮತ್ತೆ ಗಾಜನ್ನೇ ತಿನ್ನುತ್ತದೆ. ಮೊದಲು ಕಾಮನಬಿಲ್ಲಿನ ಬಣ್ಣ, ಆಮೇಲೆ ಹಾಲು ಚೆಲ್ಲಿದಂಥ ಬಿಳುಪು. ಅದು ಎಷ್ಟು ಒರಸಿದರೂ ಹೋಗದು. ಹೊರಗಿನ ಮಳೆಗೆ ನೂರು ವರ್ಷ ಜಗ್ಗದ ಗಾಜು ಗೋದಾಮಿನ ಮೂಲೆಯಲ್ಲಿ ಒಂದು ಮಳೆಗಾಲಕ್ಕೆ ಕೆಡಬಹುದು. ಆದುದರಿಂದಲೇ ನಡುನಡುವೆ ಕಾಗದವನ್ನೋ ಪುಡಿಯನ್ನೋ ಹಾಕಿ ಒಣನೆಲದಲ್ಲಿ ಇಡುವ ರೂಢಿ.

ಇಲ್ಲಿಯವರೆಗಿನದು ಹಳೆಯ ಕಥೆ. ಕಳೆದ ಅರವತ್ತೆಪ್ಪತ್ತು ವರ್ಷಗಳಲ್ಲಿ ಕಲ್ಲೂ ಗಾಜೂ ಒಂದರ ಸ್ವಭಾವವನ್ನು ಇನ್ನೊಂದು ಪಡೆದುಕೊಂಡಿವೆ. ೧೯೫೯ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯವರು ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದರು. ಆರು ಮೀಟರ್ ಉದ್ದ, ಮೂರು ಮೀಟರಿಗೂ ಮಿಕ್ಕ ಅಗಲದ ಹಾಳೆ ಇಂದು ಸಾಮಾನ್ಯ. ಹನ್ನೆರಡು ಮಿಲಿಮೀಟರ್ ದಪ್ಪವಿದ್ದರೆ ಒಂದರ ತೂಕ ಸುಮಾರು ೫೮೦ ಕಿಲೋ. ಇತ್ತ ಕಲ್ಲನ್ನು ಗರಗಸದ ಯಂತ್ರಗಳು ಹಲಸಿನ ಹಪ್ಪಳದಂತೆ ತೆಳುವಾಗಿ ಕೊಯ್ಯುತ್ತಿವೆ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ಎರಡು ಸೆಂಟಿಮೀಟರ್ ದಪ್ಪದ ನುಣುಪಾದ ಹಲಗೆಗಳಾಗಿ ಪರದೇಶಕ್ಕೂ ನಮ್ಮ ಅಡುಗೆಮನೆಗಳಿಗೂ ಬರುತ್ತಿವೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಅಗಲದ ಇಂಥ ಹಲಗೆ ೨೯೦ ಕಿಲೋ ತೂಗುತ್ತದೆ. ಗಾಜು ಕಲ್ಲಿನಂತೆ ಭಾರವಾಯಿತು. ಕಲ್ಲು ಗಾಜಿನಂತೆ ತೆಳುವಾಯಿತು.

ಇದರಿಂದ ಒಂದು ಹೊಸ ಅಪಾಯ ಹುಟ್ಟಿತು. ಹಳೆಯ ಚಪ್ಪಡಿಯನ್ನು ಗಣಿಯಿಂದ ತಂದು ನೆಲದಲ್ಲಿ ಹಾಸಿದರೆ ಕೆಲಸ ತೀರುತ್ತಿತ್ತು. ಇಂದಿನ ಹಲಗೆಗಳು ತಿಂಗಳುಗಟ್ಟಲೆ ಅಂಗಳಗಳಲ್ಲಿ ಗಿರಾಕಿಗಾಗಿ ಕಾದು ನಿಲ್ಲುತ್ತವೆ, ಒಂದಕ್ಕೊಂದು ಒರಗಿ, ಪುಸ್ತಕದ ಹಾಳೆಗಳಂತೆ. ಹಲಗೆಗೆ ಕ್ಷೇಮವಾದ ಈ ಭಂಗಿಯೇ ಹತ್ತಿರ ನಿಂತವನಿಗೆ ಮೃತ್ಯು. ನೆಟ್ಟಗೆ ನಿಂತ ಹಲಗೆಯನ್ನು ಒಂದು ಬೆರಳಿನಿಂದ ಅಲುಗಿಸಬಹುದು. ಸಮತೋಲದ ಗೆರೆಯನ್ನು ದಾಟಿ ಮುಂದಕ್ಕೆ ವಾಲಿತೆಂದರೆ ಹತ್ತು ಜನರಿಗೂ ತಡೆಯಲಾಗದು. ಬಣ್ಣ ನೋಡಲೆಂದು ಮುಂದಿನ ಹಲಗೆಯನ್ನು ಕೊಂಚ ಎಳೆದರೆ ಹಿಂದಿನ ಎರಡು ಮೂರು ಜೊತೆಗೇ ಬರುತ್ತವೆ. ಅಲ್ಲಿಗೆ ಮುಕ್ಕಾಲು ಟನ್ ಮನುಷ್ಯನ ಎದೆಯ ಮೇಲೆ. ಇಂಥ ಅಂಗಳಗಳಲ್ಲಿ ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಬಹುಮಟ್ಟಿಗೆ ಅವರು ಬೇರೆ ಊರಿನಿಂದ ಕೂಲಿಗೆ ಬಂದವರು.

ತಡೆಯುವ ಉಪಾಯ ದೊಡ್ಡದಲ್ಲ. ಇಂಗ್ಲಿಷಿನ 'ಎ' ಅಕ್ಷರದ ಆಕಾರದ ಕಬ್ಬಿಣದ ಚೌಕಟ್ಟನ್ನು ಗಟ್ಟಿಯಾದ ಸಮನೆಲದಲ್ಲಿ ಊರಬೇಕು. ಹಲಗೆಗಳು ಅದಕ್ಕೆ ಐದು ಡಿಗ್ರಿಯಷ್ಟಾದರೂ ಒರಗಿರಬೇಕು. ಎರಡು ಮಗ್ಗುಲಿಗೂ ಭಾರ ಸಮನಾಗಿರಬೇಕು. ಒಂದೇ ಕಡೆಯಿಂದ ತೆಗೆಯುತ್ತ ಹೋದರೆ ಚೌಕಟ್ಟೇ ಮಗುಚುತ್ತದೆ. ಮುಂದೆ ಗೂಟಗಳ ತಡೆ ಬೇಕು, ಕೆಳಗೆ ಮರವೋ ರಬ್ಬರೋ ಬೇಕು. ಲಾರಿಯಲ್ಲಿ ಬಿಗಿದ ಹಗ್ಗವನ್ನು ಬಿಚ್ಚುವ ಮೊದಲು ಲಾರಿ ಯಾವ ಕಡೆಗೆ ವಾಲಿದೆಯೆಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಲಗೆಯ ಬೀಳುವ ದಿಕ್ಕಿನಲ್ಲಿ, ಎರಡು ಸಾಲುಗಳ ನಡುವೆ, ಮನುಷ್ಯ ನಿಲ್ಲಕೂಡದು. ಬೀಳುವ ಹಲಗೆಯನ್ನು ಹಿಡಿಯಲೂ ಕೂಡದು. ಹಿಡಿಯಬೇಕೆಂಬುದು ಕೈಯ ಸಹಜಬುದ್ಧಿ. ಕೂಲಿ ಕಡಿತವಾದೀತೆಂಬ ಹೆದರಿಕೆ ಅದಕ್ಕೆ ಜೊತೆಗೂಡುತ್ತದೆ. ಒಡೆದರೆ ಒಡೆಯಲಿ, ನೀನು ಸರಿದು ನಿಲ್ಲು ಎಂದು ಯಜಮಾನ ಮೊದಲ ದಿನವೇ ಬಾಯಿಬಿಟ್ಟು ಹೇಳದ ಹೊರತು ಆ ಕೈ ಹಿಂದೆ ಸರಿಯದು.

ಕಾನೂನು ಸುಮ್ಮನಿತ್ತೆಂದಲ್ಲ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ನಮ್ಮ ೧೯೪೮ರ ಕಾರ್ಖಾನೆ ಕಾಯಿದೆ ಹೇಳಿತು. ೧೯೬೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಬ್ಬ ಗಂಡಾಳು ಹೊರುವ ಭಾರವನ್ನು ೫೫ ಕಿಲೋಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಇವು ಎತ್ತುವ ಭಾರದ ಮಾತು. ಒರಗಿಸಿಟ್ಟ ಭಾರದ ಮೇಲೆ ಕಣ್ಣಿಡುವ ಕೆಲಸ ಅಂಗಳದವರದು, ಹಲಗೆ ಕೊಳ್ಳಲು ಹೋಗುವ ನಮ್ಮದು ಕೂಡ. "ಆ ಹಿಂದಿನದನ್ನು ಒಂದಿಷ್ಟು ಎಳೆದು ತೋರಿಸಪ್ಪ" ಎಂದು ನಾವು ಅನ್ನುವ ಒಂದು ಮಾತಿಗೆ ಎಷ್ಟು ತೂಕವಿದೆಯೆಂದು ಮೇಲೆ ಲೆಕ್ಕ ಹಾಕಿದ್ದೇವೆ.

ವಿಧಾನಸೌಧದ ಮುಂದೆ ನಿಂತಾಗ ೧೯೫೧ರಲ್ಲಿ ನೆಹರೂ ಅವರು ಅಸ್ತಿಭಾರವಿಟ್ಟದ್ದು, ಕೆಂಗಲ್ ಹನುಮಂತಯ್ಯನವರ ಕನಸು, ೧೯೫೬ರಲ್ಲಿ ಕಟ್ಟಡ ಮುಗಿದದ್ದು ನಮಗೆ ನೆನಪಿಗೆ ಬರುತ್ತವೆ. ಬೆಂಗಳೂರಿನ ಸುತ್ತಿನ ಗಣಿಗಳಿಂದ ಆ ಕಲ್ಲನ್ನೆಲ್ಲ ತಂದು ಇಳಿಸಿ ಎತ್ತಿ ನಿಲ್ಲಿಸಿದ ಸಾವಿರಾರು ಜನರ ಹೆಸರು ನಮಗೆ ಗೊತ್ತಿಲ್ಲ. ಹೆಬ್ಬಾಳದಲ್ಲಿ ೨೦೧೮ರಲ್ಲಿ ಚರಂಡಿಯ ಕೆಲಸದ ನಡುವೆ ಒಂದು ಚಪ್ಪಡಿ ಶಾಸನಪ್ರಿಯರ ಕಣ್ಣಿಗೆ ಬಿತ್ತು. ಗಂಗ ಶ್ರೀಪುರುಷನ ಕಾಲದಲ್ಲಿ, ೭೫೦ರ ಸುಮಾರಿಗೆ, ಊರಿಗಾಗಿ ಹೋರಾಡಿ ಮಡಿದ ಕಿತ್ತಯ್ಯನೆಂಬವನ ವೀರಗಲ್ಲು ಅದು. ಕಲ್ಲು ಉಳಿದದ್ದರಿಂದ ಹೆಸರು ಉಳಿಯಿತು. ಕಿತ್ತಯ್ಯನಿಗಾದರೆ ಊರಿನವರು ಒಂದು ಚಪ್ಪಡಿಯನ್ನು ನೆಟ್ಟರು. ಚಪ್ಪಡಿ ಹೊರುವಾಗಲೇ ಮಡಿದವರಿಗೆ ನೆಟ್ಟ ಕಲ್ಲು ಬೆಂಗಳೂರಿನಲ್ಲಿ ಎಲ್ಲಿಯೂ ಕಾಣೆವು. ಅವರಿಗೆ ಕಲ್ಲು ನೆಡುವುದು ಹಾಗಿರಲಿ. ಅಂಗಳದಲ್ಲಿ ಒಂದು ಭದ್ರವಾದ ಚೌಕಟ್ಟನ್ನು ಊರಿಕೊಟ್ಟರೆ ಅಷ್ಟೇ ಸಾಕು.